ಖಾಲಿ ಪಾಕೀಟು ಗೋದಲಿಗೆ ಮರಳದಿರಲಿ



ನೀವು ನಸುಕಿನಲ್ಲಿ ಎದ್ದು ಕರೆದು ಡೇರಿಗೆ ಹಾಕಿದ ಹಾಲು ಕ್ಯಾನು ಸೇರಿ ಊರು ಬಿಡುತ್ತದೆ. ಹಾಲು ಇಳಿಸಿದ ಮೇಲೆ ಕ್ಯಾನು ಮತ್ತೆ ಊರಿಗೆ ಬರುತ್ತದೆ. ತೊಳೆದು, ಬೋರಲು ಹಾಕಿ ಒಣಗಿಸಿ, ಮರುದಿನ ಅದಕ್ಕೇ ಮತ್ತೆ ಹಾಲು ಸುರಿಯುತ್ತೇವೆ. ಹೀಗೆ ಒಂದು ಕ್ಯಾನು ವರ್ಷಗಟ್ಟಲೆ ಬಾಳುತ್ತದೆ.

ಅದೇ ಹಾಲು ಘಟಕದಲ್ಲಿ ಕಾದು, ತಣಿದು, ಪ್ಲಾಸ್ಟಿಕ್ ಪಾಕೀಟು ಸೇರಿ ಗದಗ-ಬೆಟಗೇರಿಯ ಮನೆಗಳಿಗೆ, ಲಕ್ಷ್ಮೇಶ್ವರದ ಚಹಾದಂಗಡಿಗೆ, ಶಿರಹಟ್ಟಿ-ಮುಂಡರಗಿಯ ಖಾನಾವಳಿಗಳಿಗೆ ಹೋಗುತ್ತದೆ. ಆ ಪಾಕೀಟಿನ ಕೆಲಸ ಒಂದೆರಡು ದಿನದ್ದು. ಮೂಲೆಗೆ ಕತ್ತರಿ ಬಿತ್ತೆಂದರೆ ಅದು ಕಸ. ಹಿತ್ತಲಿಗೋ, ಗಟಾರಕ್ಕೋ, ತಿಪ್ಪೆಗೋ ಬೀಳುತ್ತದೆ. ಅಲ್ಲಿಗೆ ಮೇಯಲು ಬರುವವರು ಯಾರು? ನಮ್ಮ-ನಿಮ್ಮ ದನಗಳೇ. ನಮ್ಮ ಹಾಲನ್ನು ಹೊತ್ತು ಹೋದ ಪಾಕೀಟು ಕೊನೆಗೆ ನಮ್ಮ ಆಕಳ ಹೊಟ್ಟೆ ಸೇರುತ್ತದೆ.

"ನಮ್ಮ ಮನ್ಯಾಗ ನಾವ ಹಾಲ ಹಿಂಡತೇವಿ, ಪಾಕೀಟ ಎಲ್ಲಿಂದ ಬರಬೇಕು?" ಎಂದು ನೀವು ಕೇಳಬಹುದು. ಹಾಲಿನ ಪಾಕೀಟು ಇರಲಿಕ್ಕಿಲ್ಲ, ಆದರೆ ಎಣ್ಣೆಯ ಪಾಕೀಟು ಇದೆ, ಪಶು ಆಹಾರದ ಚೀಲ ಇದೆ, ಖನಿಜ ಮಿಶ್ರಣದ ಪೊಟ್ಟಣ ಇದೆ, ಸಂತೆಯಿಂದ ಬಂದ ಕ್ಯಾರಿಬ್ಯಾಗ್ ಇದೆ. ಅದೂ ಅಲ್ಲದೆ ಪಟ್ಟಣದಲ್ಲಿ ಬೀಳುವ ಪಾಕೀಟಿನೊಳಗೆ ಇದ್ದದ್ದು ನಮ್ಮದೇ ಹಾಲು. ಅದು ಏನಾಗುತ್ತದೆ ಎಂಬುದರಲ್ಲಿ ನಮಗೂ ಪಾಲಿದೆ.

ಆಕಳ ಹೊಟ್ಟೆಯಲ್ಲಿ ಆಗುವುದೇನು?

ದನ ಮೇಯುವುದನ್ನು ನೀವು ದಿನವೂ ನೋಡುತ್ತೀರಿ. ನಾಲಿಗೆಯಿಂದ ಬಳಸಿ ಎಳೆದುಕೊಂಡು ನುಂಗುತ್ತದೆ, ಪೂರ್ತಿ ಅಗಿಯುವುದು ಆಮೇಲೆ ಮೆಲುಕು ಹಾಕುವಾಗ. ಬಾಯಿಗೆ ಬಂದದ್ದನ್ನು ಆಡು-ಕುರಿಯ ಹಾಗೆ ಆರಿಸಿ ಬಿಡುವುದು ಅದಕ್ಕೆ ಬರುವುದಿಲ್ಲ. ಉಳಿದ ಅನ್ನ, ರೊಟ್ಟಿ, ತರಕಾರಿ ಸಿಪ್ಪೆಯನ್ನು ಕ್ಯಾರಿಬ್ಯಾಗಿನಲ್ಲಿ ಗಂಟು ಕಟ್ಟಿ ಎಸೆದರೆ ವಾಸನೆಗೆ ಬಂದ ಆಕಳು ಗಂಟಿನ ಸಮೇತ ನುಂಗುತ್ತದೆ. ಮೈಯಲ್ಲಿ ರಂಜಕ ಮತ್ತು ಉಪ್ಪಿನ ಅಂಶ ಕಡಿಮೆಯಾದ ದನವಂತೂ ಪ್ಲಾಸ್ಟಿಕ್, ಬಟ್ಟೆ, ಎಲುಬು ಏನು ಕಂಡರೂ ಬಾಯಿ ಹಾಕುತ್ತದೆ.

ಹೀಗೆ ನುಂಗಿದ್ದು ಮೊದಲನೆಯ ದೊಡ್ಡ ಹೊಟ್ಟೆಯಲ್ಲಿ ಕೂರುತ್ತದೆ. ಅಲ್ಲಿ ಕಣಕಿ ಕರಗುತ್ತದೆ, ಹಿಂಡಿ ಕರಗುತ್ತದೆ, ಪ್ಲಾಸ್ಟಿಕ್ ಕರಗುವುದಿಲ್ಲ. ಮುಂದಿನ ಹೊಟ್ಟೆಗೆ ಹೋಗುವ ದಾರಿ ಸಣ್ಣದು, ಅದರಲ್ಲಿ ದಾಟುವುದೂ ಇಲ್ಲ. ಇಂದು ಒಂದು, ನಾಳೆ ಎರಡು ಸೇರುತ್ತ ದಾರ-ಚಿಂದಿಗಳ ಜೊತೆ ಹೆಣೆದುಕೊಂಡು ಗಟ್ಟಿ ಉಂಡೆಯಾಗುತ್ತದೆ. ಶಸ್ತ್ರಚಿಕಿತ್ಸೆ ಮಾಡಿದ ಪಶುವೈದ್ಯರು ಒಂದೇ ಆಕಳ ಹೊಟ್ಟೆಯಿಂದ ಹತ್ತಾರು ಕೆಜಿ ಪ್ಲಾಸ್ಟಿಕ್ ಹೊರತೆಗೆದದ್ದುಂಟು.

ಈ ಲಕ್ಷಣಗಳನ್ನು ಗಮನದಲ್ಲಿಡಿ: ಮೇವು ಬಿಡುವುದು, ಮೆಲುಕು ಕಡಿಮೆಯಾಗುವುದು, ಎಡಹೊಟ್ಟೆ ಪದೇ ಪದೇ ಉಬ್ಬುವುದು, ಸೆಗಣಿ ಕಡಿಮೆ ಹಾಕುವುದು, ದಿನದಿಂದ ದಿನಕ್ಕೆ ಸೊರಗುವುದು. ಇವೆಲ್ಲಕ್ಕಿಂತ ಮೊದಲು ಡೇರಿಯ ಚೀಟಿಯಲ್ಲಿ ಹಾಲಿನ ಲೆಕ್ಕ ಇಳಿದಿರುತ್ತದೆ. ಹೊಟ್ಟೆ ಉಬ್ಬರಕ್ಕೆ ಎಣ್ಣೆ ಕುಡಿಸಿದರೆ ಆ ಹೊತ್ತಿಗೆ ಇಳಿದಂತೆ ಕಂಡೀತು. ಆದರೆ ಪ್ಲಾಸ್ಟಿಕ್ ಕರಗಿಸುವ ಔಷಧಿ ಯಾವುದೂ ಇಲ್ಲ, ಹೊಟ್ಟೆ ಕೊಯ್ದು ತೆಗೆಯುವುದೊಂದೇ ದಾರಿ. ಆದ್ದರಿಂದ ತಡಮಾಡದೆ ಪಶುವೈದ್ಯರಿಗೆ ತೋರಿಸಿ. ಹಾಲು ಕೊಡುವ ಆಕಳಿಗೆ ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ ಮತ್ತು ಚೂರು ಉಪ್ಪು ತಪ್ಪಿಸದೆ ಕೊಟ್ಟರೆ ಕಂಡದ್ದಕ್ಕೆ ಬಾಯಿ ಹಾಕುವ ಚಟ ಕಡಿಮೆಯಾಗುತ್ತದೆ.

ಕೌದಿ ಹೇಳುವ ಪಾಠ

ಪಾಕೀಟು ಕಸವಾಗದಂತೆ ಮಾಡುವ ಉಪಾಯಕ್ಕೆ ತಿಳಿದವರು ಪರಿಸರಸ್ನೇಹಿ ವಿನ್ಯಾಸ ಎನ್ನುತ್ತಾರೆ. ಹೆಸರು ದೊಡ್ಡದು, ವಿಷಯ ನಮಗೆ ಗೊತ್ತಿದ್ದದ್ದೇ. ಹಳೆಯ ಸೀರೆಗಳನ್ನು ಪದರ ಹಾಕಿ ಕೌದಿ ಹೊಲಿಯುತ್ತೇವಲ್ಲ, ಬರೀ ಹತ್ತಿಯ ಸೀರೆಯಾದರೆ ಸೂಜಿ ಸಲೀಸಾಗಿ ಇಳಿಯುತ್ತದೆ, ಕೌದಿ ಮೆತ್ತಗೆ ಬೆಚ್ಚಗೆ ಇರುತ್ತದೆ. ನೈಲಾನು, ಜರಿ, ಚಮಕಿ ಎಲ್ಲ ಕೂಡಿದ ಸೀರೆ ಕೌದಿಗೆ ಬರುವುದಿಲ್ಲ. ಕೊಳ್ಳುವಾಗಲೇ "ಇದು ಹಳತಾದರೆ ಯಾವುದಕ್ಕೆ ಬರುತ್ತದೆ" ಎಂದು ಯೋಚಿಸುವ ಹಿರಿಯರು ನಮ್ಮ ಮನೆಗಳಲ್ಲಿದ್ದರು. ಪಾಕೀಟನ್ನು ಮಾಡುವಾಗಲೂ ಅದೇ ಪ್ರಶ್ನೆ ಕೇಳಿಕೊಳ್ಳಬೇಕು ಎಂಬುದೇ ಆ ದೊಡ್ಡ ಹೆಸರಿನ ಅರ್ಥ.

ಈ ಕಣ್ಣಿನಿಂದ ನಮ್ಮ ಸುತ್ತಲಿನ ಪ್ಯಾಕಿಂಗ್ ನೋಡಿ.

ದಿನಬಳಕೆಯ ಹಾಲಿನ ಪಾಕೀಟು ಪಾಲಿಥೀನ್ ಎಂಬ ಒಂದೇ ಜಾತಿಯ ಪ್ಲಾಸ್ಟಿಕ್‌ನದು. ಬರೀ ಹತ್ತಿಯ ಸೀರೆ ಇದ್ದಂತೆ. ತೊಳೆದು ಒಣಗಿಸಿ ಕೊಟ್ಟರೆ ಅದನ್ನು ಕರಗಿಸಿ ಕಾಳಾಗಿಸಿ ಪೈಪು, ಹಾಳೆ, ಕಸದ ಚೀಲ ಮಾಡುತ್ತಾರೆ. ಆದ್ದರಿಂದ ಗುಜರಿಯಲ್ಲಿ ಅದಕ್ಕೆ ಬೆಲೆಯಿದೆ.

ತಿಂಗಳುಗಟ್ಟಲೆ ಕೆಡದ ಹಾಲಿನ ಕಾಗದದ ಡಬ್ಬಿಯಲ್ಲಿ ಕಾಗದ, ಪ್ಲಾಸ್ಟಿಕ್, ಅಲ್ಯುಮಿನಿಯಂ ಮೂರೂ ಅಂಟಿಕೊಂಡಿರುತ್ತವೆ. ಹಾಲು ಕೆಡದಿರಲು ಆ ಪದರಗಳು ಬೇಕು, ಆದರೆ ಅವನ್ನು ಬಿಡಿಸಲು ಬೇರೆಯದೇ ಕಾರ್ಖಾನೆ ಬೇಕು. ಚಿಪ್ಸು, ಗುಟಕಾ, ಶಾಂಪೂ ಚೀಟಿಗಳು ಚಮಕಿ ಸೀರೆಯ ಜಾತಿಯವು. ಅವಕ್ಕೆ ಗುಜರಿಯಲ್ಲಿ ಕೇಳುವವರಿಲ್ಲ.

ಪಶು ಆಹಾರದ ನೇಯ್ದ ಚೀಲವೂ ಒಂದೇ ಜಾತಿಯ ಪ್ಲಾಸ್ಟಿಕ್. ಹರಿಯುವ ತನಕ ಬಳಸಬಹುದು, ಹರಿದ ಮೇಲೂ ಮಾರಬಹುದು.

ಕತ್ತರಿಗೆ ಸಿಕ್ಕ ಮೂಲೆ

ಒಂದೇ ಜಾತಿಯದಾದರೆ ಸಾಲದು, ಒಂದೇ ತುಂಡಾಗಿಯೂ ಉಳಿಯಬೇಕು. ಪಾಕೀಟಿನ ಮೂಲೆಯನ್ನು ಕತ್ತರಿಸಿ ಎಸೆದರೆ ಉಗುರಿನಷ್ಟು ಚೂರು ಹುಟ್ಟುತ್ತದೆ. ಪಾಕೀಟನ್ನು ಗುಜರಿಯವರು ಆರಿಸಿಕೊಂಡಾರು, ಆ ಚೂರನ್ನು ಯಾರೂ ಆರಿಸುವುದಿಲ್ಲ. ಅದು ಕಸಬರಿಗೆಗೂ ಸಿಗದೆ ಗಟಾರ ಸೇರಿ, ಮಳೆಗೆ ಹಳ್ಳ, ಹಳ್ಳದಿಂದ ಕೆರೆ ಸೇರುತ್ತದೆ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ನಮ್ಮ ಅಡುಗೆಮನೆಯ ಚೂರು ಇಂಥ ಕೆರೆಗಳವರೆಗೂ ಹೋಗಬಲ್ಲದು.

ಪರಿಹಾರ ಸುಲಭ. ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ. ಅರ್ಧ ಅಂಗುಲ ಸೀಳಿ, ಚೂರು ಪಾಕೀಟಿಗೇ ಅಂಟಿಕೊಂಡಿರಲಿ. ಹಾಲು ಅಷ್ಟೇ ಸಲೀಸಾಗಿ ಸುರಿಯುತ್ತದೆ.

ಇದು ಸಣ್ಣ ಮಾತಲ್ಲ. ಯುರೋಪಿನ ದೇಶಗಳಲ್ಲಿ ಬಾಟಲಿಯ ಮುಚ್ಚಳಗಳು ಸಮುದ್ರದ ದಂಡೆಯ ಮೇಲೆ ರಾಶಿಗಟ್ಟಲೆ ಸಿಗುತ್ತಿದ್ದವು. 2024ರ ಜುಲೈನಿಂದ ಅಲ್ಲಿ 3 ಲೀಟರ್ ವರೆಗಿನ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ತೆರೆದ ಮೇಲೂ ಬಾಟಲಿಗೇ ಅಂಟಿಕೊಂಡಿರಬೇಕೆಂದು ಕಾನೂನಾಗಿದೆ. ಅವರು ಕಾನೂನು ಮಾಡಿ, ಯಂತ್ರ ಬದಲಿಸಿ ಮಾಡಿದ್ದನ್ನು ನಾವು ಕತ್ತರಿ ಹಿಡಿದ ಕೈಯನ್ನು ಒಂದಿಷ್ಟು ತಡೆದು ಮಾಡಬಹುದು.

ತೂಗಿ ನೋಡಿದ ಲೆಕ್ಕ

ಅರ್ಧ ಲೀಟರಿನ ಖಾಲಿ ಪಾಕೀಟು ಎರಡು ಗ್ರಾಮಿನ ಮೇಲೆ ಚೂರು ತೂಗುತ್ತದೆ. "ಅಷ್ಟರಿಂದ ಏನಾಗ್ತೈತಿ?" ಎನ್ನಬೇಡಿ. ದಿನಕ್ಕೆ ಎರಡು ಪಾಕೀಟು ಕೊಳ್ಳುವ ಮನೆಯಲ್ಲಿ ವರ್ಷಕ್ಕೆ 730 ಪಾಕೀಟು, ಅಂದರೆ ಒಂದೂವರೆ ಕೆಜಿಗಿಂತ ಹೆಚ್ಚು ಪ್ಲಾಸ್ಟಿಕ್. ಅಂಥ ನೂರು ಮನೆಯ ಓಣಿಯಿಂದ ಒಂದೂವರೆ ಕ್ವಿಂಟಲ್ ದಾಟುತ್ತದೆ. ಪಟ್ಟಣದಲ್ಲಿರುವ ಮಗಳ ಮನೆಗೋ ತಂಗಿಯ ಮನೆಗೋ ಹೋದಾಗ ನೂರು ಖಾಲಿ ಪಾಕೀಟು ತೊಳೆದು ಒಣಗಿಸಿ ತೂಗಿಸಿ ನೋಡಿ, ಕಾಲು ಕೆಜಿಯ ಆಸುಪಾಸು ಬರುತ್ತದೆ.

ಇನ್ನೊಂದು ಲೆಕ್ಕ. ಎರಡು ಅರ್ಧ ಲೀಟರ್ ಪಾಕೀಟಿಗಿಂತ ಒಂದು ಲೀಟರಿನ ಒಂದೇ ಪಾಕೀಟಿಗೆ ಪ್ಲಾಸ್ಟಿಕ್ ಕಡಿಮೆ ಸಾಕು. ಒಂದು ಕಿಲೋ ಸಕ್ಕರೆಯನ್ನು ನಾಲ್ಕು ಪೊಟ್ಟಣ ಕಟ್ಟಿದರೆ ಹೆಚ್ಚು ಕಾಗದ ಬೇಕು, ಒಂದೇ ಪೊಟ್ಟಣಕ್ಕೆ ಕಡಿಮೆ ಸಾಕು, ಅಷ್ಟೇ. ಮದುವೆ, ಸೀಮಂತ, ಜಾತ್ರೆಯ ಪ್ರಸಾದಕ್ಕೆ ಹಾಲು-ಮೊಸರು ಬೇಕಾದಾಗ ನೂರಾರು ಸಣ್ಣ ಪಾಕೀಟು ತರುವ ಬದಲು ದೊಡ್ಡ ಅಳತೆಯಲ್ಲಿ ಕೇಳಿ.

ಪಾಕೀಟೇ ಇಲ್ಲದೆ ಹಾಲು ಮಾರಿದ ಉದಾಹರಣೆಯೂ ನಮ್ಮ ದೇಶದಲ್ಲಿದೆ. ದೆಹಲಿಯಲ್ಲಿ 1974ರಲ್ಲಿ ಶುರುವಾದ ಮದರ್ ಡೇರಿ, ಬೂತಿನಲ್ಲಿ ಯಂತ್ರವಿಟ್ಟು ಟೋಕನ್ ಹಾಕಿದರೆ ಗ್ರಾಹಕರ ಪಾತ್ರೆಗೇ ಹಾಲು ಸುರಿಯುವ ಏರ್ಪಾಟು ಮಾಡಿತು. ಪಾಕೀಟಿನ ಖರ್ಚಿಲ್ಲದ ಕಾರಣ ಆ ಹಾಲನ್ನು ಪಾಕೀಟು ಹಾಲಿಗಿಂತ ಕಡಿಮೆ ದರಕ್ಕೆ ಕೊಡಲು ಸಾಧ್ಯವಾಯಿತು. ಪ್ಯಾಕಿಂಗ್ ಖರ್ಚು ಯಾರೋ ಕೊಡುವ ಹಣವಲ್ಲ. ಅದು ಹಾಲಿನ ದುಡ್ಡಿನಿಂದಲೇ ಹೋಗುವಂಥದ್ದು. ಅದು ಕಡಿಮೆಯಾದರೆ ಕೊಳ್ಳುವವರಿಗೂ ಹಾಕುವವರಿಗೂ ಒಳ್ಳೆಯದು.

"ಮಣ್ಣಲ್ಲಿ ಕರಗುವ" ಪಾಕೀಟು

ಬೆಂಗಳೂರು ಹಾಲು ಒಕ್ಕೂಟವು 2025ರಲ್ಲಿ ಮಣ್ಣಲ್ಲಿ ಕರಗುವ ಹಾಲಿನ ಪಾಕೀಟಿನ ಪ್ರಯೋಗಕ್ಕೆ ಕೈಹಾಕಿದ ಸುದ್ದಿಯನ್ನು ನೀವು ಓದಿರಬಹುದು. ಇಂಥ ಪಾಕೀಟನ್ನು ಮೆಕ್ಕೆಜೋಳದ ಪಿಷ್ಟದಂಥ ಬೆಳೆಯ ಪದಾರ್ಥದಿಂದ ಮಾಡುತ್ತಾರೆ. ನಾವು ಬೆಳೆದ ಗೋವಿನಜೋಳವೇ ನಾಳೆ ಪಾಕೀಟಾದರೆ ಅದಕ್ಕಿಂತ ಸಂತೋಷ ಬೇರಿಲ್ಲ.

ಆದರೆ ಮೂರು ಮಾತು ತಿಳಿದಿರಬೇಕು. ಒಂದು, ಇಂಥ ಪಾಕೀಟು ಕರಗಲು ಬಿಸಿ, ತೇವ, ಗೊಬ್ಬರದ ಸೂಕ್ಷ್ಮಜೀವಿಗಳು ಬೇಕು. ಒಣ ರಸ್ತೆಯಲ್ಲಿ ಬಿದ್ದದ್ದು ತಾನಾಗಿ ಮಾಯವಾಗುವುದಿಲ್ಲ. ಎರಡು, ಅದೂ ಆಕಳ ಮೇವಲ್ಲ, ಗೋದಲಿಯಿಂದ ದೂರವೇ ಇರಬೇಕು. ಮೂರು, ಕರಗುವ ಪಾಕೀಟನ್ನು ಮಾಮೂಲಿ ಪ್ಲಾಸ್ಟಿಕ್ ಜೊತೆ ಬೆರೆಸಿದರೆ ಮರುಬಳಕೆಗೆ ಹೋಗುವ ಇಡೀ ಚೀಲವೇ ಕೆಡುತ್ತದೆ. ಒಳ್ಳೆಯ ಹಾಲಿನ ಕ್ಯಾನಿಗೆ ಒಡೆದ ಹಾಲು ಸುರಿದಂತೆ. ಅಂಗಡಿಯವರು "ಇದು ಕರಗ್ತೈತ್ರಿ" ಎಂದ ಮಾತ್ರಕ್ಕೆ ನಂಬಬೇಡಿ. ಗೊಬ್ಬರವಾಗುವ ಪ್ಲಾಸ್ಟಿಕ್ ಮಾರಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಬೇಕು.

ಮನೆ ಮತ್ತು ಕೊಟ್ಟಿಗೆಯಲ್ಲಿ ಮಾಡುವಂಥದ್ದು

ಪಾಕೀಟು ಖಾಲಿಯಾದ ಕೂಡಲೇ ಅರ್ಧ ಲೋಟ ನೀರು ಹಾಕಿ ಕಲಕಿ ಚಹಾದ ಪಾತ್ರೆಗೇ ಸುರಿಯಿರಿ. ಬೇಸಿಗೆಯಲ್ಲಿ ಕೊಡ ನೀರಿಗೂ ಪರದಾಡುವ ಊರುಗಳಲ್ಲಿ ಬೇರೆ ನೀರು ಸುರಿಯುವ ಅಗತ್ಯವಿಲ್ಲ. ಪಾಕೀಟು ಬಗ್ಗಿಸಿ ದಾರಕ್ಕೆ ನೇತುಹಾಕಿದರೆ ಸಂಜೆಯೊಳಗೆ ಒಣಗುತ್ತದೆ. ತೊಳೆಯದ ಪಾಕೀಟು ನಾತ ಹೊಡೆದು, ಹುಳ ಬಿದ್ದು, ಗುಜರಿಯವರಿಗೂ ಬೇಡವಾಗುತ್ತದೆ.

ಒಲೆ ಹೊತ್ತಿಸಲು, ನೀರೊಲೆಗೆ ಪಾಕೀಟು ಹಾಕುವ ರೂಢಿ ಬಹಳ ಮನೆಗಳಲ್ಲಿದೆ. ದಯವಿಟ್ಟು ಬಿಡಿ. ಪ್ಲಾಸ್ಟಿಕ್ ಹೊಗೆ ಮೊದಲು ಸೇರುವುದು ಊದುಗೊಳವೆ ಹಿಡಿದವಳ ಪುಪ್ಪಸಕ್ಕೆ, ಆಮೇಲೆ ಬಗಲಲ್ಲಿರುವ ಮಗುವಿಗೆ. ಕಸ ಕಣ್ಣಿಗೆ ಕಾಣದಂತಾಗುತ್ತದೆ ಅಷ್ಟೇ, ಮನೆಯಿಂದ ಹೋಗುವುದಿಲ್ಲ.

ಪಶು ಆಹಾರದ ಚೀಲವನ್ನು ಕುಡಗೋಲಿನಿಂದ ಸೀಳಬೇಡಿ. ಹೊಲಿಗೆಯ ದಾರದ ತುದಿ ಹಿಡಿದು ಪೂರ್ತಿ ಎಳೆದು ತೆಗೆಯಿರಿ, ತೆಗೆದ ದಾರವನ್ನು ಅಲ್ಲೇ ಬಿಡದೆ ಒಂದು ಡಬ್ಬಿಗೆ ಹಾಕಿ. ಹೊಟ್ಟೆಯಲ್ಲಿ ಪ್ಲಾಸ್ಟಿಕ್ಕನ್ನು ಉಂಡೆಯಾಗಿ ಹೆಣೆಯುವುದು ಇಂಥ ದಾರವೇ. ಬಿಸಿಲಿಗೆ ಒಣಗಿ ಎಳೆ ಬಿಡುವ ಹಳೆಯ ಚೀಲವನ್ನು ಗೋದಲಿಗೆ ಹಾಸಬೇಡಿ, ಮೇವಿಗೆ ಹೊದಿಸಬೇಡಿ. ಯಂತ್ರದಲ್ಲಿ ಕಟ್ಟಿದ ಮೇವಿನ ಕಟ್ಟು ಬಿಚ್ಚುವಾಗ ಪ್ಲಾಸ್ಟಿಕ್ ದಾರ ಎಷ್ಟಿತ್ತೋ ಅಷ್ಟೂ ಕೈಗೆ ಬಂದಿದೆಯೇ ನೋಡಿ. ಗೊಬ್ಬರ, ಕ್ರಿಮಿನಾಶಕದ ಚೀಲಕ್ಕೆ ಎಂದೂ ಹಿಂಡಿ ತುಂಬಬೇಡಿ.

ಹಾಲು ಒಯ್ಯಲು ನಿಮ್ಮ ಸ್ಟೀಲ್ ಕ್ಯಾನೇ ಇರಲಿ. ಹಳೆಯ ಎಣ್ಣೆ ಡಬ್ಬಿ, ಬಣ್ಣದ ಡಬ್ಬಿಯ ಒಳಮೈಯಲ್ಲಿ ಗೀರು ಬಿದ್ದು, ಎಷ್ಟು ತೊಳೆದರೂ ಜಿಡ್ಡು ಉಳಿದು ಹಾಲು ಹುಳಿಯುತ್ತದೆ. ಬಳಸಿದ ಸೂಜಿ, ಸಿರಿಂಜು, ಔಷಧಿ ಬಾಟಲಿಗಳನ್ನು ತಿಪ್ಪೆಗೆ ಎಸೆಯದೆ ಗಟ್ಟಿ ಡಬ್ಬಿಯಲ್ಲಿ ಕೂಡಿಟ್ಟು ಪಶು ಆಸ್ಪತ್ರೆಗೆ ಒಪ್ಪಿಸಿ. ಮೇವಿನ ಜೊತೆ ಹೋದ ಸೂಜಿ ಆಕಳ ಹೃದಯದ ತನಕ ಚುಚ್ಚಿಕೊಂಡು ಹೋಗಬಲ್ಲದು.

ಕಣಗಿನಹಾಳದ ಲೆಕ್ಕ

ಒಬ್ಬರ ಮನೆಯ ಹತ್ತು ಪಾಕೀಟು ಗುಜರಿಯವರಿಗೆ ಬೇಡ. ಊರಿನ ಇನ್ನೂರು ಮನೆಯ ಚೀಲ ತುಂಬಿದ ಪಾಕೀಟು, ತೊಳೆದು ಒಣಗಿದ್ದಾದರೆ, ಸರಕು. ಹಾಲಿನ ಲೆಕ್ಕವೂ ಇದೇ ಅಲ್ಲವೇ? ಒಬ್ಬಾಕೆಯ ಎರಡು ಲೀಟರಿಗೆ ಪೇಟೆಯಲ್ಲಿ ದರ ಕೇಳುವ ಶಕ್ತಿ ಇಲ್ಲ, ಇಡೀ ಊರಿನ ಕ್ಯಾನಿಗೆ ಇದೆ. ಈ ಮಾತನ್ನು ನಮ್ಮ ಜಿಲ್ಲೆಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಊರವರನ್ನು ಕೂಡಿಸಿ ಸಹಕಾರಿ ಸಂಘ ಕಟ್ಟಿದರು. ದೇಶದ ಸಹಕಾರಿ ಚಳವಳಿ ಆ ಊರಿನ ಹೆಸರು ಹೇಳಿಯೇ ಶುರುವಾಗುತ್ತದೆ.

ಕಸವನ್ನು ಹೀಗೆ ಕೂಡಿಸಿ ಸರಕು ಮಾಡಿದ ಉದಾಹರಣೆಯೂ ರಾಜ್ಯದಲ್ಲಿದೆ. ಉಡುಪಿ ಜಿಲ್ಲೆಯ ನಿಟ್ಟೆ ಮತ್ತು ಮಂಗಳೂರು ಹತ್ತಿರದ ತೆಂಕ ಎಡಪದವಿನಲ್ಲಿ ಹಲವು ಗ್ರಾಮ ಪಂಚಾಯಿತಿಗಳ ಒಣ ಕಸವನ್ನು ಒಂದೆಡೆ ತಂದು, ಜಾತಿವಾರು ವಿಂಗಡಿಸಿ, ಒತ್ತಿ ಕಟ್ಟು ಕಟ್ಟಿ ಮರುಬಳಕೆಗೆ ಕಳಿಸುವ ಘಟಕಗಳಿವೆ. ರಾಜ್ಯದ ಅನೇಕ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಕಸದ ವಾಹನ ಓಡಿಸುತ್ತಾರೆ, ವಿಂಗಡಣೆಯನ್ನೂ ಮಾಡುತ್ತಾರೆ. ನಿಮ್ಮ ಪಂಚಾಯಿತಿಯ ವಾಹನ ಯಾವ ದಿನ ಬರುತ್ತದೆ, ಪ್ಲಾಸ್ಟಿಕ್ ಎಲ್ಲಿಗೆ ಒಯ್ಯುತ್ತಾರೆ ಎಂದು ಗ್ರಾಮಸಭೆಯಲ್ಲಿ ಕೇಳಿ.

ಕಾನೂನು ಕೂಡ ಈ ಕಡೆಗೇ ಬಂದಿದೆ. ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂತು. ಹಾಲಿನ ಪಾಕೀಟು ನಿಷೇಧದೊಳಗಿಲ್ಲ, ಆದರೆ ಪ್ಯಾಕಿಂಗ್ ಪ್ಲಾಸ್ಟಿಕ್ ಮಾರುಕಟ್ಟೆಗೆ ಬಿಟ್ಟವರೇ ಅದನ್ನು ಮರಳಿ ಸಂಗ್ರಹಿಸಿ ಮರುಬಳಕೆ ಮಾಡಿಸುವ ಹೊಣೆ ಹೊರಬೇಕೆಂದು ಕೇಂದ್ರದ ನಿಯಮ ಹೇಳುತ್ತದೆ.

ನೆರೆಯ ಮಹಾರಾಷ್ಟ್ರ 2018ರಲ್ಲಿ ಖಾಲಿ ಹಾಲಿನ ಪಾಕೀಟು ಮರಳಿ ಕೊಟ್ಟವರಿಗೆ 50 ಪೈಸೆ ಕೊಡುವ ನಿಯಮ ತಂದಿತು. ಮನೆ ಮನೆಯಿಂದ ಸಂಗ್ರಹಿಸುವುದು ಹೇಗೆಂದು ಡೇರಿಗಳು ತಕರಾರು ಎತ್ತಿದವು. ಅದರಿಂದ ನಾವು ಕಲಿಯುವುದು ಇಷ್ಟು: ಬೆಲೆ ಗೊತ್ತು ಮಾಡುವ ಮೊದಲು ಕೂಡಿಸುವ ಜಾಗ ಗೊತ್ತಾಗಬೇಕು. ಆ ಜಾಗ ನಮ್ಮಲ್ಲಿದೆ. ದಿನಕ್ಕೆರಡು ಹೊತ್ತು ಇಡೀ ಊರು ಬಂದು ಹೋಗುವ ಡೇರಿಗಿಂತ ಒಳ್ಳೆಯ ಜಾಗ ಯಾವುದು?

ನಿಮ್ಮ ಸಂಘದಲ್ಲಿ ಹೀಗೆ ಶುರು ಮಾಡಿ

1. ಹಿಂಡಿಯ ಎರಡು ಖಾಲಿ ಚೀಲಗಳನ್ನು ಡೇರಿಯ ಹೊರಗೋಡೆಗೆ, ದನದ ಬಾಯಿಗೆ ಎಟುಕದ ಎತ್ತರಕ್ಕೆ ಕಟ್ಟಿ. ಒಂದು ಹಾಲು, ಮೊಸರು, ಎಣ್ಣೆಯ ತೊಳೆದ ಪಾಕೀಟಿಗೆ, ಇನ್ನೊಂದು ಹರಿದ ಚೀಲ ಮತ್ತು ದಾರಕ್ಕೆ. ಹಾಲು ತೆಗೆದುಕೊಳ್ಳುವ ಜಾಗದಿಂದ ದೂರವಿರಲಿ.

2. ತೊಳೆಯದ ಪಾಕೀಟು ತೆಗೆದುಕೊಳ್ಳಬೇಡಿ. ಹುಳಿ ಹಾಲು ಬಂದರೆ ಮರಳಿಸುವುದಿಲ್ಲವೇ, ಹಾಗೆಯೇ.

3. ಚೀಲ ತುಂಬಿದ ಮೇಲೆ ತೂಗಿ, ಎರಡು ಮೂರು ಕಡೆ ದರ ಕೇಳಿ ಮಾರಿ. ಬಂದ ಹಣ ಸಣ್ಣದೇ ಇರಲಿ, ವಹಿಯಲ್ಲಿ ಬರೆದಿಡಿ. ಅದರಿಂದ ಖನಿಜ ಮಿಶ್ರಣ ತಂದು ಸದಸ್ಯರಿಗೆ ಹಂಚಬಹುದು.

4. ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಎರಡು ಪ್ರಶ್ನೆ ಕೇಳಿ: ಪಟ್ಟಣಗಳಲ್ಲಿ ನಮ್ಮ ಹಾಲಿನ ಖಾಲಿ ಪಾಕೀಟು ಮರಳಿ ಪಡೆಯಲು ಮಾರಾಟ ಮಳಿಗೆಗಳಲ್ಲಿ ಏರ್ಪಾಟು ಮಾಡಬಹುದೇ? "ಮೂಲೆ ಪೂರ್ತಿ ಕತ್ತರಿಸಬೇಡಿ, ತೊಳೆದು ಮರುಬಳಕೆಗೆ ಕೊಡಿ" ಎಂದು ಪಾಕೀಟಿನ ಮೇಲೆಯೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಬಹುದೇ? ಪ್ರಶ್ನೆ ಮತ್ತು ಉತ್ತರ ಎರಡನ್ನೂ ನಡಾವಳಿಯಲ್ಲಿ ಬರೆಸಿ.

ಆಕಳು ನುಂಗಿದ ಪ್ಲಾಸ್ಟಿಕ್ ತೆಗೆಸಲು ಪಶುವೈದ್ಯರ ಕತ್ತರಿ ಬೇಕು. ನುಂಗದಂತೆ ಮಾಡಲು ನಮ್ಮ ಅಡುಗೆಮನೆಯ ಕತ್ತರಿ ಒಂದಿಷ್ಟು ಸೀಳಿ ನಿಂತರೆ, ಡೇರಿಯ ಗೋಡೆಗೆ ಎರಡು ಚೀಲ ಕಟ್ಟಿದರೆ ಸಾಕು. ನಾಳೆ ಬೆಳಿಗ್ಗೆ ಹಾಲು ಹಾಕಲು ಹೋಗುವಾಗ ಹಿಂಡಿಯ ಎರಡು ಖಾಲಿ ಚೀಲ ಬಗಲಲ್ಲಿ ಹಿಡಿದುಕೊಂಡು ಹೋಗಿ.